ಮೂವತ್ತೊಂದು ಬೆರಳು

ಮುಂದಿನ ಸೀಟಿನವನ ಕಿವಿಯಿಂದ ಕೂದಲು ಹೊರಗೆ ಬಂದಿದೆ, ಕಿಟಕಿಯ ಗಾಳಿಗೆ ಅಲ್ಲಾಡುತ್ತಿದೆ, ಕೈಯಲ್ಲಿ ಫೋನು, ಹೆಬ್ಬೆರಳು ಮೇಲೆ ಕೆಳಗೆ ಓಡುತ್ತಿದೆ, ಓದುವುದಿಲ್ಲ, ಬರೀ ಒತ್ತುತ್ತಾನೆ, ಇಂಥ ಹೆಬ್ಬೆರಳುಗಳಿಂದಲೇ ನನಗೆ ಈ ಗತಿ ಬಂದದ್ದು — ನಡೆದದ್ದೆಲ್ಲ ಖರೆ, ಇದರಲ್ಲಿ ಒಂದು ಮಾತು ನಾನು ಹುಟ್ಟಿಸಿದ್ದಿದ್ದರೆ ಈ ಔರಾದ ಬಸ್ಸಿನ ಆರೂ ಟೈರು ಜನವಾಡ ಮುಟ್ಟುವುದರೊಳಗೆ ಒಡೆಯಲಿ, ಉಳಿದವರ ಜೊತೆ ನಾನೂ ಇಳಿದು ದೂಡುತ್ತೇನೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನ ಮಾತು ಯಾರು ನಂಬುತ್ತಾರೆ, ಕೊಳಾರದ ಕಾರ್ಖಾನೆಯಲ್ಲಿ ಮೋಟರು ಸುಟ್ಟಾಗ ಮಾತ್ರ ಉತ್ತಮಣ್ಣ ಉತ್ತಮಣ್ಣ, ಇವತ್ತ ವೈಂಡಿಂಗ್ ಮುಗೀತದೇನ್ರಿ ಅಣ್ಣಾ, ಮೋಟರು ತಿರುಗಿದ ಮೇಲೆ ಉತ್ತಮಣ್ಣ ಯಾರೋ. ನಾನು ತಂತಿ ಸುತ್ತಿದ ಒಂದು ಮೋಟರಿದೆ, ಕಾರ್ಖಾನೆ ಮುಚ್ಚಿತು, ಮಾಲೀಕ ಊರು ಬಿಟ್ಟ, ಕರೆಂಟು ತೆಗೆದರು, ಅದು ಮಾತ್ರ ಮತ್ತೆ ಎರಡು ದಿನ ಸುಮ್ಮನೆ ತಿರುಗುತ್ತಿತ್ತು, ಕಾವಲುಗಾರನೇ ಬಂದು ಹೇಳಿದ. ಅಂಥ ಕೈ ನನ್ನದು. ಈ ಕೈ ಒಂದು ಕಾಗದವನ್ನು ಬೀದರಿನಿಂದ ಔರಾದಿಗೆ ಮುಟ್ಟಿಸಲಾರದೆ ನಲವತ್ತು ದಿನ ಕೂತಿತು.

ಜನವಾಡ ಹೋಯಿತು, ಟೈರು ಗಟ್ಟಿ ಇವೆ, ಅಲ್ಲಿಗೆ ಎಲ್ಲ ಖರೆ ಎಂದಾಯಿತು. ಶುರು ಮಾಡಿದ್ದು ನನ್ನ ಹೆಂಡತಿ ಸುಮನಳ ತಮ್ಮ ನಾಗಸೇನ, ಭಾಲ್ಕಿಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಾನೆ, ಮನುಷ್ಯರ ಮುಖ ನೋಡಿ ಮಾತಾಡುವುದು ಅವನಿಗೆ ಬರುವುದಿಲ್ಲ, ಗೋಡೆಯ ಪ್ಲಗ್ಗು ನೋಡಿ ಮಾತಾಡುತ್ತಾನೆ. ದಾಜಿ, ಅಂದ, ಅಕ್ಕನ ಗಂಡನಿಗೆ ಅವರಲ್ಲಿ ಹಾಗೇ ಅನ್ನುವುದು, ದಾಜಿ, ನಾವು ಮಂದೀ ಕಂಪನಿ ಒಳಗ ಯಾಕ ಫೋಟೋ ಹಾಕಬೇಕ್ರಿ, ಅವರು ನಮ್ಮ ಮಾತು ಮಾರಕೋತಾರ, ನಮ್ಮದೇ ಒಂದು ಓಣಿ ಮಾಡೋಣು. ಓಣಿ ಎಂದರೆ ಒಂದು ಹಳೆಯ ಕಂಪ್ಯೂಟರು, ಬೂಟಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಯ ಮೇಲಿನ ಖೋಲಿಯಲ್ಲಿ ಕೂರಬೇಕು, ಯಾಕೆಂದರೆ ಇನ್ವರ್ಟರು ಗಟ್ಟಿ ಇರುವುದು ನನ್ನ ಮನೆಯಲ್ಲಿ, ಅದರೊಳಗೆ ನಮ್ಮ ಬಂಧುಬಳಗ ಬರೆಯಬಹುದು, ಫೋಟೋ ಹಾಕಬಹುದು, ಇಂಥವೇ ಓಣಿಗಳು ಲೋಕದ ತುಂಬ ಇವೆಯಂತೆ, ಒಂದಕ್ಕೊಂದು ತಂತಿ ಕೂಡಿದೆಯಂತೆ, ಜರ್ಮನಿಯ ಓಣಿಯಲ್ಲಿ ಕೂತವನು ನಮ್ಮ ಓಣಿಯವನಿಗೆ ಜೈಭೀಮ್ ಹೇಳಬಹುದು. ಮಾಲೀಕ ಯಾರು ಅಂದೆ. ಮಾಲೀಕ ಯಾರೂ ಇಲ್ರಿ, ನೀವೇ. ಆ ಮಾತಿಗೆ ಬಿದ್ದೆ. ಒಳಗೆ ಬರುವ ಪದ್ಧತಿ ಸರಳ, ಹೆಸರು ತುಂಬಬೇಕು, ಮೇಲ್ ಪತ್ತಾ ತುಂಬಬೇಕು, ಯಾಕೆ ಬರುತ್ತೀರಿ ಎಂಬ ಒಂದು ಖಾನೆ ಇದೆ, ಅದನ್ನೂ ತುಂಬಬೇಕು, ಆಗ ಓಣಿಯಿಂದ ಅವರ ಮೇಲಿಗೆ ಒಂದು ಪತ್ರ ಹೋಗುತ್ತದೆ, ಪತ್ರದಲ್ಲಿ ಒತ್ತಬೇಕಾದ ಜಾಗ ಒಂದಿರುತ್ತದೆ, ಒತ್ತಿದರೆ ಬಾಗಿಲು ತೆರೆಯಿತು. ಇಷ್ಟೇ. ಇಷ್ಟೇ ಎಂದು ಹೇಳಿದ್ದ ಪ್ಲಗ್ಗು ನೋಡಿಕೊಂಡು.

ಪತ್ರ ಹೋಗಲಿಲ್ಲ. ಮೈಲೂರಿನಿಂದ ಹೊರಟ ಪತ್ರ ಏಳು ಸಮುದ್ರ ದಾಟಿ, ದೊಡ್ಡ ಅಂಚೆ ಕಂಪನಿಯ ಬಾಗಿಲು ತಟ್ಟಿ, ಬೈಸಿಕೊಂಡು ತಿರುಗಿ ಬರುವಷ್ಟರಲ್ಲಿ ಸುಮನ ಒಲೆಯ ಮೇಲಿಟ್ಟ ಚಹಾ ಇನ್ನೂ ಕುದಿ ಬಂದಿರುತ್ತಿರಲಿಲ್ಲ. ಏನಂತಾನ ಅವ, ಅಂದೆ. ಮನೆಯ ಇಂಟರ್ನೆಟ್ ನಂಬರಿನಿಂದ ಬಂದ ಪತ್ರ ತಗೊಳಂಗಿಲ್ಲ ಅಂತಾನ್ರಿ ದಾಜಿ. ಮನೆಯಿಂದ ಬಂದದ್ದು ಪತ್ರ ಅಲ್ಲವಂತೆ, ಅವನವ್ವ ಅವನಿಗೆ ಎಲ್ಲಿಂದ ಬರೆಯುತ್ತಾಳೋ, ಗೋದಾಮಿನಿಂದ ಬರೆಯುತ್ತಾಳೋ. ಬೇರೆ ನಂಬರು ಬಾಡಿಗೆ ಹಿಡಿದ ನಾಗಸೇನ, ಪತ್ರ ಮಾತ್ರ ಆ ನಂಬರಿನಿಂದ ಹೊರಡಲಿ ಎಂದು. ಮತ್ತೆ ವಾಪಸು. ಈಗೇನಂತೆ, ಹೆಸರು ಹೇಳಿ ನಂಬರು ಕೇಳಿದರೆ ಸರಿ ಬರುತ್ತದೆ, ನಂಬರು ಹೇಳಿ ಹೆಸರು ಕೇಳಿದರೆ ಬೇರೆ ಯಾರದೋ ಹೆಸರು ಬರುತ್ತದೆ, ಎರಡೂ ಕಡೆಯಿಂದ ಒಂದೇ ಆಗಬೇಕಂತೆ. ನಮ್ಮ ತಹಶೀಲಿನಲ್ಲಿ ಕೂಡ ಇಷ್ಟು ಕೇಳುವುದಿಲ್ಲ, ಅಲ್ಲಿ ಒಂದು ಕಡೆಯಿಂದ ಹೆಸರು ಸರಿ ಬಂದರೆ ಊಟ ಹಾಕಿಸುತ್ತಾರೆ. ಅದನ್ನೂ ಸರಿ ಮಾಡಿದ. ಆಮೇಲೆ ಮೂರು ಕಾಗದ ಕೇಳಿದರು, ಈ ಓಣಿಯ ಪತ್ರ ಯಾರ ಕೈಯಿಂದ ಬಂದರೆ ನಂಬಬೇಕು ಎಂಬುದು ಒಂದು, ಪತ್ರದ ಮೇಲೆ ಮುದ್ರೆ ಒಂದು, ಮುದ್ರೆ ಖೊಟ್ಟಿ ಎಂದು ಕಂಡರೆ ಏನು ಮಾಡಬೇಕು ಎಂಬುದು ಇನ್ನೊಂದು. ನಾನಂದೆ, ಮೂರು ಫೇಸ್ ಸರಿ ಕೂಡಿಸಿದ್ರ ಮೋಟರ್ ತಿರುಗಲೇಬೇಕು, ತಿರಗಲಿಲ್ಲ ಅಂದ್ರ ಸುತ್ತಿದವ ಕತ್ತೆ. ನಾಗಸೇನ ಸಿಟ್ಟಿಗೆದ್ದು ಮೊದಲ ಸಲ ಪ್ಲಗ್ಗು ಬಿಟ್ಟು ನನ್ನ ಮುಖ ನೋಡಿದ. ಒಂದು ಐತವಾರ ಮೂರೂ ಕೂಡಿದವು, ಅವನು ತನಗೇ ಒಂದು ಪತ್ರ ಬಿಟ್ಟುಕೊಂಡ, ಬಂತು, ಡಬ್ಬಿಯೊಳಗೆ ನೆಟ್ಟಗೆ ಬಂದು ಕೂತಿತು. ಈಗ ಎಲ್ಲಾರಿಗೂ ಕರಿಯೋ ಪತ್ರ ಬಿಡು, ಅಂದೆ. ಮನೆ ಕಟ್ಟಿಸಿ ವಾಸ್ತು ಮಾಡಿದಾಗ ಕರೆದವರ ಯಾದಿ ನನ್ನ ಹತ್ತಿರ ಇತ್ತು, ಎಂಬತ್ತೈದು ಮಂದಿ, ಮೈಲೂರಿನವರು, ಭಾಲ್ಕಿಯವರು, ಔರಾದಿನವರು. ಮದಲ ಒಂದ್ ಸಲ ಮನಿಗಿ ಹೋಗಿ ಹೇಳಿ ಬರ್ರಿ ದಾಜಿ, ಪತ್ರ ಆಮ್ಯಾಲ ಬಿಡೋಣು. ಎಂಬತ್ನಾಕ್ ಮನಿ ತಿರಗಲಕ್ಕ ನಾ ಏನ್ ಜನಗಣತಿ ಮಾಸ್ತರೇನು, ಬಿಡು ಒಮ್ಮಿಗೇ. ಬಿಟ್ಟ. ಯಾದಿಯಿಂದ ಒಂದು ಹೆಸರು ಮಾತ್ರ ನಾನೇ ಹೊಡೆದು ಹಾಕಿದ್ದೆ, ಉಳಿದದ್ದು ಎಂಬತ್ನಾಲ್ಕು.

ಮಾಂಜ್ರಾದಲ್ಲಿ ನೀರಿಗಿಂತ ಎಮ್ಮೆಗಳೇ ಹೆಚ್ಚಿವೆ, ಸೇತುವೆಯ ಮೇಲೆ ಬಸ್ಸು ನಿಧಾನ, ಕಂಡಕ್ಟರು ಚಿಲ್ಲರೆ ಕೊಡುವುದಿಲ್ಲ, ಇಳಿಯುವಾಗ ತಗೋರಿ ಅಂತಾನೆ, ಇಳಿಯುವಾಗ ಮುಖ ತಿರುಗಿಸುತ್ತಾನೆ, ಹೊಡೆದು ಹಾಕಿದ ಹೆಸರು ಜಿಜಾಬಾಯಿ, ನನ್ನ ಸ್ವಂತ ಅಕ್ಕ, ಔರಾದಿನಲ್ಲಿ ಅಂಗನವಾಡಿ ಟೀಚರು. ಮೂರು ವರ್ಷದ ಹಿಂದೆ ವಾಸ್ತುವಿಗೆ ಅವಳನ್ನು ಫೋನಿನಲ್ಲಿ ಕರೆದಿದ್ದೆ, ಅಂಗಡಿಯಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದೆ, ಕೈಯೆಲ್ಲ ಗ್ರೀಸು, ಅಕ್ಕಾ ಐತವಾರ ಬಾ, ಬುದ್ಧ ವಂದನಾಕ್ಕ ಭಂತೇಜಿ ಬರ್ತಾರ, ಹ್ಞೂಂ ಅಂದಳು, ಬರಲಿಲ್ಲ. ತವರುಮನಿ ಕಾರ್ಯಕ್ಕ ಬಂದು ಕರೀತಾರ, ಫೋನಿನ್ಯಾಗ ಲೈನಮನ್‌ಗಿ ಕರೀತಾರ — ಹೀಗೆ ಅಂದಳೆಂದು ನನ್ನ ಕಿವಿಗೆ ಬಿತ್ತು. ನಾನೂ ಬಿಡಲಿಲ್ಲ, ಔರಾದ ಏನ್ ದಿಲ್ಲಿ ಅದೇನು, ಬಸ್ ಹತ್ತಿದ್ರ ಆಗ್ತಿತ್ತು, ಅವಳಿಗೆ ಮುಟ್ಟಲಿ ಎಂದೇ ನಾಲ್ಕು ಜನರ ಮುಂದೆ ಅಂದೆ, ಮುಟ್ಟಿತು, ಅಂಥ ಮಾತಿಗೆ ಯಾವ ಕಾಗದವೂ ಬೇಕಾಗುವುದಿಲ್ಲ, ಮುದ್ರೆಯೂ ಬೇಕಾಗುವುದಿಲ್ಲ. ಅಲ್ಲಿಂದ ಮಾತಿಲ್ಲ. ಎಂಬತ್ನಾಲ್ಕು ಪತ್ರ ಹೋದವು, ಹನ್ನೆರಡು ಮಂದಿ ಒಳಗೆ ಬಂದರು, ಆಮೇಲೆ ಒಂದು ಇರುವೆಯೂ ಬರಲಿಲ್ಲ. ಹೊಸಬರ ಯಾದಿ ನನ್ನ ಫೋನಿನಲ್ಲಿಯೂ ಕಾಣುವಂತೆ ನಾಗಸೇನ ಮಾಡಿಕೊಟ್ಟಿದ್ದ, ಹೆಸರು, ಪತ್ತಾ, ಕಾರಣ, ಕೊನೆಯಲ್ಲಿ ಒಂದು ಹಳದಿ ಗಡಿಯಾರ, ಪತ್ರ ಮುಟ್ಟಿ ಅವರು ಒತ್ತಿದರೆ ಗಡಿಯಾರ ಹೋಗುತ್ತದೆ. ಕಾರಣದ ಖಾನೆಯಲ್ಲಿ ಮಂದಿ ಏನು ಬರೆಯುತ್ತಾರೆ, ಟೈಮ್‌ಪಾಸ್ ಅಂತ ಒಬ್ಬ, ನಾಗಸೇನ ಹೇಳಿದ ಅಂತ ಒಬ್ಬ, ಸುಮ್ನೇ ಅಂತ ಒಬ್ಬ, ಇನ್ನೊಬ್ಬ ತನ್ನ ಹುಟ್ಟಿದ ತಾರೀಖು ಬರೆದಿದ್ದ, ಇವರ ತಲೆಗೆ ವೋಟು ಹ್ಯಾಗೆ ಕೊಟ್ಟರೋ. ನಾಲ್ಕನೆಯ ದಿನ ಮುಂಜಾನೆ ಹಲ್ಲು ತಿಕ್ಕುತ್ತ ನೋಡಿದೆ, ಯಾದಿಯ ತುದಿಗೆ ಜಿಜಾಬಾಯಿ. ಯಾರೂ ಕರೆದಿರಲಿಲ್ಲ. ಮಕ್ಕಳ ತೂಕ ಫೋನಿನಲ್ಲಿ ತುಂಬಿ ತುಂಬಿ ಪಳಗಿದ ಬೆರಳು, ಯಾರ ಸಹಾಯವೂ ಇಲ್ಲದೆ ತಾನೇ ತುಂಬಿದ್ದಳು, ಕಾರಣದ ಖಾನೆಯಲ್ಲಿ ಎರಡು ಶಬ್ದ, ತಮ್ಮ ಅದಾನ. ಪಕ್ಕದಲ್ಲಿ ಹಳದಿ ಗಡಿಯಾರ. ಬ್ರಶ್ಶು ಬಾಯಲ್ಲೇ ಇತ್ತು, ಸುಮನ ಕೇಳಿದಳು, ಯಾಕ್ರಿ, ದವಡಿ ಹಿಡೀತೇನು.

ನಾಗಸೇನನಿಗೆ ಫೋನು ಮಾಡಿದೆ, ಅಕ್ಕನ ಪತ್ರ ಯಾಕ ಹೋಗಿಲ್ಲ. ಹೋಗ್ಯದ್ರಿ ದಾಜಿ, ಅವರು ತಗೊಂಡಿಲ್ಲ. ಅಕ್ಕ ತಗೊಂಡಿಲ್ಲೇನು. ಅಕ್ಕಾ ಅಲ್ರಿ, ಅಂಚಿ ಕಂಪನಿ, ಈಗ ನಮ್ಮ ಓಣಿ ಹೆಸರು ಕಂಡ್ರನೇ ದರ್ವಾಜಾ ಹಾಕ್ಲತಾರ, ಮೂವತ್ತೊಂದು ಶಿಕಾಯತಿ ಬಂದವ. ಹೀಗಂತೆ — ಪತ್ರ ಬಂದವನು ಇದು ಸ್ಪ್ಯಾಮ್, ಕಸ, ಎಂಬಲ್ಲಿ ಒತ್ತಿದರೆ ಪತ್ರ ಕಸದ ಡಬ್ಬಿಗೆ ಹೋಗುತ್ತದೆ, ಕಂಪನಿಯಿಂದ ನಮಗೆ ಒಂದು ಚೀಟಿ ಬರುತ್ತದೆ, ಒತ್ತಿದವರ ಹೆಸರು ಅಳಿಸಿ ಕಳಿಸುತ್ತಾರೆ, ಚೀಟಿ ಹೆಚ್ಚಾದರೆ ಓಣಿಯ ಯಾವ ಪತ್ರವನ್ನೂ ಮುಟ್ಟುವುದಿಲ್ಲ. ಎಂಬತ್ನಾಲ್ಕರಲ್ಲಿ ಮೂವತ್ತೊಂದು. ಅದೂ ನನ್ನವರೇ, ನನ್ನ ಮನೆಯಲ್ಲಿ ಶಿರಾ ಉಂಡು ಎರಡನೇ ಸಲ ಬಡಿಸಿಕೊಂಡವರು. ಏನ್ ಮಾಡಬೇಕೀಗ. ಒತ್ತಿದವರೇ ಕಸದ ಡಬ್ಬಿ ತಗದು ಇದು ಸ್ಪ್ಯಾಮ್ ಅಲ್ಲ ಅಂತ ಒತ್ತಬೇಕ್ರಿ, ನೀವೇ ಹೋಗಿ ಹೇಳಬೇಕು, ನಾ ಪತ್ರ ಬರದ್ರ ಆ ಪತ್ರನೂ ಹೋಗಂಗಿಲ್ಲ. ಹೊರಟೆ, ಹೆಸರು ಅಳಿಸಿದ್ದರಿಂದ ಎಲ್ಲ ಮನೆಗೂ ಹೋಗಬೇಕು, ಮೊದಲ ಮನೆ ನಮ್ಮ ಗೋಡೆಗೆ ಹತ್ತಿದ್ದೇ, ಅಂಬೂಬಾಯಿ, ಗೋಧಿ ಹಸನು ಮಾಡುತ್ತಿದ್ದಳು, ಅಡಗಿಸಲೂ ಇಲ್ಲ. ಹೌದ್ರಿ, ನಾನೇ ಒತ್ತೀನಿ, ನಮ್ಮ ನಿಮ್ಮ ನಡು ಒಂದೇ ಗೋಡಿ ಅದ, ಆ ಗೋಡಿ ದಾಟಿ ಬರ್ಲಕ್ಕ ನಿಮಗ ಕಾಲಿಲ್ಲ, ನಿಮ್ಮ ಪತ್ರ ಅಮೇರಿಕಾ ತಿರಗಿ ನನ್ನ ಮನಿಗಿ ಬಂದದ, ಕರೀಬೇಕಂದ್ರ ಬಂದು ಕರೀರಿ, ನಾವೇನ್ ಹಾದಿ ಮ್ಯಾಲಿನ ಮಂದೇನು. ಅಂಬೂಬಾಯಿ, ಅದು ಕಾರ್ಯ ಅಲ್ರಿ, ಓಣಿ ಒಳಗ ಬರೋ ಪತ್ರ. ಏನರೇ ಇರ್ಲಿ, ಕರದೀರಿ ಹೌದಲ್ಲ. ಭಾಲ್ಕಿಯಲ್ಲಿ ಮಾಣಿಕ ಗುರೂಜಿ, ಸಾಲೆಯಿಂದ ನಿವೃತ್ತಿಯಾಗಿ ಹದಿನಾರು ವರ್ಷ, ಮನೆಯಲ್ಲಿ ಇವತ್ತಿಗೂ ಹಾಜರಿ ಕರೆಯುತ್ತಾರೆ, ನಾಗಸೇನ ಅವರದೇ ಓಣಿಯವನು. ಪ್ರಿಯ ಮಾಣಿಕ ಅಂತ ಬರದೀರಿ, ನಿಮ್ಮಪ್ಪ ಸುದ್ದಾ ನನಗ ಗುರೂಜಿ ಅನ್ನದೇ ನೀರು ಕುಡೀತಿರಲಿಲ್ಲ, ಅದು ನಿಮ್ಮದೋ ಯಾವನೋ ಠಗನದೋ ನನಗೇನ್ ಗೊತ್ತು. ಮಷೀನ್ ಬರದದ ಗುರೂಜಿ. ಹಂಗಾರ ಮಷೀನಿಗಿ ಬುದ್ಧಿ ಹೇಳು. ಹೀಗೆ ಮನೆ ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಸಿಟ್ಟು, ಬಸುರಿ ಮಗಳಿದ್ದಾಳೆ ಎಂದು ಗೊತ್ತಿದ್ದೂ ಬಂದು ವಿಚಾರಿಸಲಿಲ್ಲ ಎಂದು ಒಬ್ಬಳು, ತನಗಿಂತ ಮೊದಲು ತಮ್ಮನಿಗೆ ಬಂತು ಎಂದು ಒಬ್ಬ, ಎಲ್ಲರ ಉತ್ತರ ಕಡೆಗೆ ಒಂದೇ, ಮನಿಗಿ ಬಂದಿಲ್ಲ. ಥೂ ಇವರ, ಚಂದ್ರನ ಮೇಲೆ ಗಾಡಿ ಇಳಿಸಿದರೂ ಚಂದ್ರ ಬಂದು ಕರೆದಿದ್ದನೇ ಎಂದು ಕೇಳುವ ಜನ. ಎಪ್ಪತ್ತೇಳು ಕಪ್ಪು ಚಹಾ ಕುಡಿದೆ, ಸಕ್ಕರೆ ನನ್ನ ಬೆವರಿನಲ್ಲಿ ಬರತೊಡಗಿತು, ಅಂಗಡಿಯಲ್ಲಿ ಇರುವೆಗಳು ನನ್ನ ಅಂಗಿ ಬಿಟ್ಟು ಹೋಗಲಿಲ್ಲ, ಇದೂ ಖರೆ. ಚಹಾ ಕುಡಿದ ಮೇಲೆ ಎಲ್ಲರೂ ಒತ್ತಿದರು, ಇದು ಸ್ಪ್ಯಾಮ್ ಅಲ್ಲ, ನನ್ನ ಕಣ್ಣ ಮುಂದೆಯೇ. ಮೂವತ್ತು ಬೆರಳು ಹಿಡಿದೆ. ಮೂವತ್ತೊಂದನೆಯದು ಸಿಗಲಿಲ್ಲ. ಹಳದಿ ಗಡಿಯಾರ ಹಾಗೇ, ತಮ್ಮ ಅದಾನ.

ಸಂತಪುರದಲ್ಲಿ ಬಸ್ಸು ನಿಂತಿದೆ, ಶೇಂಗಾ ಮಾರುವವನು ಕಿಟಕಿಗೆ ಪೊಟ್ಟಣ ಹಿಡಿದಿದ್ದಾನೆ, ಬೇಡ ಅಂದರೂ ಹಿಡಿದಿದ್ದಾನೆ. ನಿನ್ನೆ ನಾಗಸೇನ ಅಂದ, ಆಕೀಗಿ ಕೈಲೇ ಒಳಗ ತಗೋಬಹುದು ದಾಜಿ, ಪತ್ರ ಬೇಕಂತಿಲ್ಲ, ನಾ ಇಲ್ಲಿ ಒತ್ತಿದ್ರ ಗಡಿಯಾರ ಹೋಗ್ತದ, ಆದ್ರ ಹೋಗ್ಯದ ಅಂತ ಆಕೀಗಿ ಯಾರರೇ ಹೇಳಬೇಕಲ್ಲ. ಇದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ ನೀನು. ನೀವು ಕೇಳಿಲ್ರಿ. ಇಂಥವರ ಕೈಗೆ ಕಂಪ್ಯೂಟರು ಕೊಡುತ್ತದೆ ಲೋಕ, ನನ್ನಂಥವರ ಕೈಗೆ ಗ್ರೀಸು. ಫೋನು ಮಾಡಿದರೆ ಅಕ್ಕ ಎತ್ತುವುದಿಲ್ಲ, ಮೂರು ವರ್ಷದಿಂದ ನನ್ನ ನಂಬರಿಗೆ ಅವಳ ಹತ್ತಿರ ಬೆರಳಿಲ್ಲ. ಹೋಗ್ರಿ ಔರಾದಕ್ಕ, ಅಂದಳು ಸುಮನ, ಎಂಬತ್ತು ಮನಿ ತಿರಗೀರಿ, ಇದೊಂದು ಹೆಚ್ಚಾಗ್ತದೇನು. ಅದಕ್ಕೇ ಈ ಬಸ್ಸು. ಮುಂದಿನ ಸೀಟಿನವನು ಶೇಂಗಾ ಬಿಡಿಸುತ್ತಿದ್ದಾನೆ, ಸಿಪ್ಪೆ ನನ್ನ ಕಾಲಿನ ಮೇಲೆ, ಒಂದು ಕೈಯಿಂದ ಶೇಂಗಾ, ಇನ್ನೊಂದು ಕೈಯಿಂದ ಫೋನು, ಇವನೇ ಆ ಮೂವತ್ತೊಂದನೆಯವನಾಗಿದ್ದರೆ ಕೊರಳು ಹಿಡಿಯುತ್ತೇನೆ, ಎಲ್ಲ ಮನೆಗೂ ಹೋದೆನಲ್ಲ, ಔರಾದಿಗೂ ಬಂದು ಅಕ್ಕನ ಓಣಿ ಒಂದು ಬಿಟ್ಟು ತಿರುಗಿದೆನಲ್ಲ, ಯಾವ ಮನೆ ಬಿಟ್ಟೆ, ಯಾದಿ ತೆಗೆದು ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸಿದೆ, ಯಾದಿಯ ನೆತ್ತಿಯ ಮೇಲಿನ ಮೊದಲ ಹೆಸರು ಉತ್ತಮ, ಕಾರ್ಯ ಮಾಡುವವನ ಹೆಸರು ಮೊದಲು ಬರೆಯುವ ಪದ್ಧತಿ, ನಾನೇ ಬರೆದದ್ದು. ಫೋನು ತೆಗೆದೆ. ಕಸದ ಡಬ್ಬಿ ತೆಗೆದೆ. ಇದೆ. ಪ್ರಿಯ ಉತ್ತಮ, ನಿಮ್ಮನ್ನು ಓಣಿಗೆ ಆಹ್ವಾನಿಸಲಾಗಿದೆ — ಈಗ ನೆನಪಾಗುತ್ತಿದೆ, ಆ ದಿನ ಅಂಗಡಿಯಲ್ಲಿ ಬಂದಿತ್ತು, ನನ್ನ ಮನೆ, ನನ್ನ ಇನ್ವರ್ಟರು, ನನ್ನ ಕರೆಂಟು, ನನ್ನನ್ನು ನನ್ನ ಮನೆಗೆ ಇವನ್ಯಾವ ಊರ ಸಾಹೇಬ ಕರೆಯುವುದು, ಗ್ರೀಸಿನ ಬೆರಳಿನಿಂದಲೇ ಒತ್ತಿದ್ದೆ, ಖುಷಿಯಿಂದ ಒತ್ತಿದ್ದೆ, ಒತ್ತಿ ಪಕ್ಕದವನಿಗೆ ತೋರಿಸಿ ನಕ್ಕಿದ್ದೆ. ಇದು ಸ್ಪ್ಯಾಮ್ ಅಲ್ಲ, ಒತ್ತಿದೆ, ಯಾರೂ ನೋಡಲಿಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ, ಸುಮನಳಿಗಂತೂ ಈ ಜನ್ಮದಲ್ಲಿ ಇಲ್ಲ. ನಾಗಸೇನನಿಗೆ ಮಾತ್ರ ಹೇಳಿದೆ ಫೋನಿನಲ್ಲಿ, ಮೂವತ್ತೊಂದನೇದವ ಸಿಕ್ಕ, ಔರಾದದವ, ಭಾಳ ಕೆಟ್ಟ ಮನುಷ್ಯಾ, ಒತ್ತಿಸೀನಿ, ಈಗ ಬಿಡು ಪತ್ರ. ಇಷ್ಟ್ ಲಗೂ ತಗೊಳಂಗಿಲ್ರಿ ದಾಜಿ, ಹೆಸರು ಸುಧಾರಿಸಲಕ್ಕ ಹದಿನೈದು ದಿನ ಹಿಡೀತದ, ಇನ್ನಾ ಮಂದಿ ಒತ್ತಿದ್ರ ಲಗೂ ಆಗ್ತದ.

ಔರಾದ, ಬಿಸಿಲು, ಅಕ್ಕನ ಓಣಿ, ಓಣಿಯ ಬಾಯಲ್ಲಿ ನಲ್ಲಿ ಸೋರುತ್ತಿದೆ, ಮೂರು ವರ್ಷದಲ್ಲಿ ಬಾಗಿಲಿಗೆ ನೀಲಿ ಬಣ್ಣ ಹಚ್ಚಿಸಿದ್ದಾಳೆ, ನನಗೆ ಗೊತ್ತೇ ಇಲ್ಲ. ಪಡಸಾಲೆಯಲ್ಲಿ ಕೂತು ಅಕ್ಕಿಯೊಳಗಿನ ಹರಳು ಆರಿಸುತ್ತಿದ್ದಾಳೆ, ತಲೆ ಅರ್ಧ ಬೆಳ್ಳಗಾಗಿದೆ, ಮುಂದೆ ಒಂದು ನೀರಿನ ತಂಬಿಗೆ, ತಂಬಿಗೆಗೆ ಒರಗಿಸಿ ನಿಲ್ಲಿಸಿದ ಫೋನು, ಮುಖ ಅವಳ ಕಡೆಗೆ, ಎರಡು ಹರಳು ಆರಿಸುತ್ತಾಳೆ, ಒಮ್ಮೆ ಫೋನು ನೋಡುತ್ತಾಳೆ, ಎರಡು ಹರಳು, ಒಮ್ಮೆ ಫೋನು. ಅಕ್ಕಾ, ಅಂದೆ. ಯಾರು. ಅಂಚಿಯವ, ಅಂದೆ, ನಗಲಿ ಎಂದು. ನಗಲಿಲ್ಲ, ನನ್ನ ಚಪ್ಪಲಿ ನೋಡಿದಳು, ಆಮೇಲೆ ಮುಖ. ಭಾಳ ಕರ್ರಗಾಗೀದಿ ಉತ್ತಮ್ಯಾ. ಹೇಳಿದೆ ಎಲ್ಲ, ಸಮುದ್ರ, ನಂಬರು, ಮೂರು ಕಾಗದ, ಮೂವತ್ತು ಬೆರಳು, ಮೂವತ್ತೊಂದನೆಯದನ್ನು ಹೇಳಲಿಲ್ಲ. ಈಗ ಪತ್ರ ಬ್ಯಾಡ ಅಕ್ಕಾ, ನಾಗಸೇನ ಅಲ್ಲಿಂದಲೇ ಕೈಲೇ ಒಳಗ ತಗೋತಾನ, ನಾನೇ ಬಂದೀನಲ್ಲ ಕರೀಲಕ್ಕ, ಬಾ. ಹರಳು ಆರಿಸುವ ಕೈ ನಿಂತಿತು. ನಾ ಕರೀದೆ ಬಂದೀನಿ, ಅಂದಳು, ನಿಮ್ಮ ಯಾದಿ ಒಳಗ ನನ್ನ ಹೆಸರಿಲ್ಲ ಅಂತ ಮಾಣಿಕ ಗುರೂಜಿ ಹೇಳ್ಯಾರ, ಹೇಳಿದ ಮ್ಯಾಲೇ ಹೆಸರು ತುಂಬೀನಿ, ಈಗ ಹಿಂದಿನ ಬಾಗಿಲಿಂದ ನುಸುಳಿ ಬರ್ಲೇನು. ಹಂಗಲ್ಲ ಅಕ್ಕಾ. ಹಂಗೇ, ಹನ್ನೆರಡು ಮಂದಿ ಪತ್ರ ಬಂದ ಮ್ಯಾಲೇ ಒಳಗ ಹೋಗ್ಯಾರ, ನನಗೂ ಬರಬೇಕು, ಬಂದ ದಿನ ಒತ್ತಿ ಬರ್ತೇನಿ, ನಿನ್ನ ಮನಿಗೂ ಬರ್ತೇನಿ. ಗೋಡೆಯ ಆಚೆಯಿಂದ ಬಿಸ್ಮಿಲ್ಲಾಬೀಯ ದನಿ, ಜಿಜಾ ಬಾಯಿ, ಆಯಾ ಕ್ಯಾ ಖತ್, ದಿನಾ ಕೇಳುತ್ತಾಳಂತೆ, ನಲವತ್ತು ದಿನದಿಂದ, ಇಡೀ ಓಣಿಗೆ ಗೊತ್ತಂತೆ ತಮ್ಮನ ಪತ್ರ ಬರುವುದಿದೆ ಎಂದು. ಇನ್ನಾ ಬಂದಿಲ್ಲ, ಬರ್ತದ, ಅಂದಳು ಅಕ್ಕ, ನನ್ನನ್ನು ನೋಡದೆ, ದನಿಯಲ್ಲಿ ಒಂದು ಎಳೆಯೂ ಅನುಮಾನವಿಲ್ಲ. ಎದ್ದಳು, ಬಿಸಿಲಾಗ ಬಂದೀದಿ, ಕೂಡು, ನೀರು ತರ್ತೇನಿ, ಅಂದಳು. ತಂಬಿಗೆಯ ತುಂಬ ನೀರಿತ್ತು, ಮುಂದೆಯೇ ಇತ್ತು, ಎತ್ತಿದರೆ ಫೋನು ಬೀಳುತ್ತದೆ, ಅವಳು ಎತ್ತಲಿಲ್ಲ, ಮೊಣಕಾಲು ಹಿಡಿದುಕೊಂಡು ಒಳಗೆ ಹೋಗಿ ಬೇರೆ ಗ್ಲಾಸಿನಲ್ಲಿ ತಂದಳು. ನೀರು ಕುಡಿದೆ. ಊಟ ಮಾಡಿಕೊಂಡೇ ಹೋಗು ಅಂದಳು. ಕೂತಿದ್ದೇನೆ. ನಡುವೆ ತಂಬಿಗೆ, ತಂಬಿಗೆಗೆ ಒರಗಿದ ಫೋನು, ಖಾಲಿ, ಆರಿ ಕಪ್ಪಾಗುತ್ತದೆ, ಅವಳು ಬೆರಳಿನಿಂದ ಮುಟ್ಟಿ ಬೆಳಗಿಸುತ್ತಾಳೆ, ಖಾಲಿ, ಮತ್ತೆ ಕಪ್ಪಾಗುತ್ತದೆ, ಮತ್ತೆ ಮುಟ್ಟುತ್ತಾಳೆ — ಇನ್ನಾ ಮಂದಿ ಒತ್ತಿದ್ರ ಲಗೂ ಆಗ್ತದ, ಅಂದಿದ್ದಾನಲ್ಲ ನಾಗಸೇನ — ಈ ತಲೆಯೊಳಗೆ ಯಾರಾದರೂ ಸುಮ್ಮನೆ ಕೂತು, ಟಿಕೀಟೂ ತೆಗೆಸದೆ ಬೀದರಿನಿಂದ ಇಲ್ಲಿತನಕ ನನ್ನ ಬೆನ್ನಿಗೇ ಬಂದಿದ್ದರೆ, ಕತೆ ಪುಕ್ಕಟೆ ಅಲ್ಲ ಸ್ವಾಮಿ, ನಿನ್ನ ಫೋನೂ ಹೊರಗೆ ತೆಗೆ, ಕಸದ ಡಬ್ಬಿ ತೆಗೆ, ನನ್ನ ಮುಂದೆಯೇ ತೆಗೆ, ಓಣಿಯಿಂದ ಬಂದದ್ದು ಏನಾದರೂ ಅದರಲ್ಲಿ ಬಿದ್ದಿದ್ದರೆ ಎಲ್ಲಿ ಒತ್ತಬೇಕು ನಿನಗೆ ಗೊತ್ತಿದೆ, ಒತ್ತು, ಅವಳು ಮತ್ತೆ ಮುಟ್ಟುವುದರೊಳಗೆ ಒತ್ತು.